ಓದುಗರ ಪ್ರಶ್ನೆ, ರಿಪೇರಿಯವನ ಉತ್ತರ: ಹನ್ನೊಂದು ಸಾವಿರದ ಫೋನು ಡಬ್ಬಾನಾ?

ಪ್ರಶ್ನೆ: ನಾನು ಅಂಗನವಾಡಿ ಸಹಾಯಕಿ. ಮಗ ಪಿಯುಸಿ ಮುಗಿಸಿ ಶಿವಮೊಗ್ಗದಲ್ಲಿ ಕಾಲೇಜು ಸೇರುತ್ತಿದ್ದಾನೆ. ಸಂಘದಲ್ಲಿ ಸಾಲ ತೆಗೆದು ಅವನ ಫೋನಿಗೆಂದು 11,000 ರೂಪಾಯಿ ಇಟ್ಟಿದ್ದೇನೆ. ‘ಅಷ್ಟಕ್ಕೆ ಬರೋದು ಡಬ್ಬಾ ಫೋನು ಕಣಮ್ಮ, ಅದರ ಬದಲು ಯಾರಾದರೂ ಬಳಸಿದ ದುಬಾರಿ ದೊಡ್ಡ ಫೋನೇ ಕೊಡಿಸು’ ಎಂದು ಹಟ ಹಿಡಿದಿದ್ದಾನೆ. ಕಡಿಮೆ ಬೆಲೆಯ ಟಚ್ ಫೋನಿನ ಒಳಗಿನ ಸಾಮಾನು ನಿಜಕ್ಕೂ ಅಷ್ಟು ಕಳಪೆಯೇ?
– ಒಬ್ಬ ತಾಯಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಇಲ್ಲ ತಾಯಿ, ಅಷ್ಟು ಕಳಪೆಯಲ್ಲ. ಆದರೆ ಮಗನ ಮಾತಿನಲ್ಲೂ ಒಂದು ಪಾಲು ಸತ್ಯವಿದೆ. ಆ ಪಾಲು ಯಾವುದೆಂದು ಗೊತ್ತಾದರೆ ಸಾಲ ತೆಗೆದ ದುಡ್ಡು ದಂಡವಾಗುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಾನು ಸಾಗರದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದು 2010ರಲ್ಲಿ. ಆಗ ನಮ್ಮ ಕಡೆ ಕೈಗೆಟುಕುವ ಟಚ್ ಫೋನೆಂದರೆ ನೋಕಿಯಾ 5233. ಅದರ ಪರದೆಗೆ ಬೆರಳು ಸೋಕಿದರೆ ಸಾಲದು, ಉಗುರಿನಿಂದ ಒತ್ತಬೇಕು. ವೈಫೈ ಇಲ್ಲ, 3ಜಿ ಇಲ್ಲ. 2011ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳಿಗೆಂದು ಬಂದ ‘ಆಕಾಶ್’ ಟ್ಯಾಬ್ಲೆಟ್ಟಿನಲ್ಲೂ ಒತ್ತಿದರೆ ಮಾತ್ರ ತಿಳಿಯುವ ಪರದೆಯೇ ಇತ್ತು. ಲೆಕ್ಕ ಮಾಡುವ ಚಿಪ್ಪು, ಅಂದರೆ ಪ್ರೊಸೆಸರ್, ಬರೀ 366 ಮೆಗಾಹರ್ಟ್ಸ್. ಕೆಲಸ ನಡೆಯುವಾಗಿನ ತಾತ್ಕಾಲಿಕ ನೆನಪಿಗೆ ಬರೀ 256 ಎಂಬಿ ರ‍್ಯಾಮ್. ಆ ದಿನಗಳಲ್ಲಿ ಯಾರಾದರೂ ‘ಅಗ್ಗದ್ದು ಡಬ್ಬಾ’ ಅಂದಿದ್ದರೆ ನಾನೂ ಹೌದು ಅನ್ನುತ್ತಿದ್ದೆ.

ಲೆಕ್ಕ ತಿರುಗಿದ್ದು 2014ರಲ್ಲಿ. ಫೆಬ್ರವರಿಯಲ್ಲಿ ಮೋಟೊ ಜಿ 12,499 ರೂಪಾಯಿಗೆ ಬಂತು, ಮೇ ತಿಂಗಳಲ್ಲಿ ಮೋಟೊ ಇ 6,999ಕ್ಕೆ. ಜುಲೈನಲ್ಲಿ ಬಂದ ಶಓಮಿಯ ಎಂಐ 3ಕ್ಕೆ 13,999. ಅದರೊಳಗಿದ್ದ ಸ್ನ್ಯಾಪ್‌ಡ್ರ್ಯಾಗನ್ 800 ಚಿಪ್ಪು ಅದಕ್ಕೆ ಹಿಂದಿನ ವರ್ಷ 40 ಸಾವಿರ ದಾಟಿದ ಫೋನುಗಳಲ್ಲಿದ್ದ ಚಿಪ್ಪೇ. ಕಡಿಮೆ ಬೆಲೆಯ ಫೋನು ದೊಡ್ಡ ಫೋನಿಗೆ ಹೆಗಲು ಕೊಟ್ಟು ನಿಲ್ಲಬಲ್ಲದು ಎಂದು ನನಗೆ ಮನವರಿಕೆ ಆದದ್ದು ಆ ವರ್ಷವೇ.

ಈಗಿನ ಮಾತಿಗೆ ಬರೋಣ. 2024ರಲ್ಲಿ ಬಂದ ಡೈಮೆನ್ಸಿಟಿ 6300 ಎಂಬ ಚಿಪ್ಪು ನಿಮ್ಮ ಬೆಲೆಯ ಆಸುಪಾಸಿನ ಹಲವು 5ಜಿ ಫೋನುಗಳಲ್ಲಿದೆ. ಅದರಲ್ಲಿ ಎಂಟು ಕೋರ್, ಅಂದರೆ ಕೆಲಸ ಹಂಚಿಕೊಂಡು ಮಾಡುವ ಎಂಟು ಭಾಗ. ಎರಡು ದೊಡ್ಡವು, ಆರು ಚಿಕ್ಕವು. ದೊಡ್ಡವು ಕಾರ್ಟೆಕ್ಸ್ ಎ76 ಜಾತಿಯವು. 2019ರಲ್ಲಿ 32,999 ರೂಪಾಯಿಗೆ ಬಿಡುಗಡೆಯಾದ ಒನ್‌ಪ್ಲಸ್ 7 ಫೋನಿನ ಸ್ನ್ಯಾಪ್‌ಡ್ರ್ಯಾಗನ್ 855 ಚಿಪ್ಪಿನ ದೊಡ್ಡ ಕೋರ್‌ಗಳೂ ಅದೇ ಜಾತಿಯವು. ಅಲ್ಲಿ ನಾಲ್ಕು, ಇಲ್ಲಿ ಎರಡು. ದೊಡ್ಡ ಗೇಮ್ ಆಡಲು ಕೂತರೆ ಆ ವ್ಯತ್ಯಾಸ ಎದ್ದು ಕಾಣುತ್ತದೆ. ನೋಟ್ಸ್, ವಿಡಿಯೊ ಪಾಠ, ವಾಟ್ಸಾಪ್, ಯುಪಿಐಗೆ ಎರಡೇ ಧಾರಾಳ ಸಾಕು.

ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಆಕ್ಟಾ ಕೋರ್’, ಅಂದರೆ ಎಂಟು ಕೋರ್, ಎಂದು ಡಬ್ಬಿಯ ಮೇಲೆ ಬರೆದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಹೀಲಿಯೊ ಜಿ36ರಂಥ ಚಿಪ್ಪುಗಳಲ್ಲಿ ಎಂಟೂ ಚಿಕ್ಕ ಕೋರ್‌ಗಳೇ, ಕಾರ್ಟೆಕ್ಸ್ ಎ53. ಆ ವಿನ್ಯಾಸ ಪ್ರಕಟವಾದದ್ದು 2012ರಲ್ಲಿ. ಎಂಟು ಕರು ಕಟ್ಟಿದರೂ ಒಂದು ಜೋಡಿ ಎತ್ತಿನ ಉಳುಮೆ ಆಗುವುದಿಲ್ಲ. ಅಂಗಡಿಯವರು ಎಷ್ಟು ಕೋರ್ ಎಂದು ಹೇಳಿದರೆ, ಯಾವ ಕೋರ್ ಎಂದು ಮಗನಿಗೆ ಕೇಳಲು ಹೇಳಿ.

ಹಾಗಾದರೆ ಅಗ್ಗದ ಫೋನು ಹಿಂದೆ ಬೀಳುವುದು ಎಲ್ಲಿ? ಸ್ಟೋರೇಜಿನಲ್ಲಿ, ಅಂದರೆ ಫೋಟೊ, ಆ್ಯಪ್ ಎಲ್ಲ ಉಳಿಯುವ ಜಾಗದಲ್ಲಿ. ‘128 ಜಿಬಿ’ ಎಂದು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ, ಅದು ಇಎಂಎಂಸಿ ಎಂಬ ಹಳೆಯ ಬಗೆಯದೋ ಯುಎಫ್‌ಎಸ್ ಎಂಬ ಹೊಸ ಬಗೆಯದೋ ಎಂಬುದನ್ನು ಡಬ್ಬಿಯ ಮೇಲೆ ಬರೆಯುವವರು ಕಡಿಮೆ. ನಮ್ಮ ಸಿಗಂದೂರಿನ ಹಾದಿ ನೆನಪು ಮಾಡಿಕೊಳ್ಳಿ. ಮೊದಲು ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚ್ ಆ ದಡದಿಂದ ಬರುವವರೆಗೆ ಈ ದಡದ ಬಸ್ಸು, ಕಾರು ಎಲ್ಲ ಸಾಲಾಗಿ ಕಾಯಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಆದಮೇಲೆ ಹೋಗುವವರು ಹೋಗುತ್ತಾರೆ, ಬರುವವರು ಬರುತ್ತಾರೆ. ಇಎಂಎಂಸಿ ಲಾಂಚ್ ಇದ್ದ ಹಾಗೆ, ಒಂದು ಹೊತ್ತಿಗೆ ಓದುವುದು ಇಲ್ಲವೇ ಬರೆಯುವುದು. ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ವೇಗದಲ್ಲೂ ಅಂತರವಿದೆ: ಇಎಂಎಂಸಿ 5.1ರ ಮಿತಿಯೇ ಸೆಕೆಂಡಿಗೆ 400 ಎಂಬಿ, ಯುಎಫ್‌ಎಸ್ 2.2 ಅದರ ಎರಡು ಪಟ್ಟಿಗೂ ಮೇಲೆ ಹೋಗಬಲ್ಲದು.

‘ಹೊಸದರಲ್ಲಿ ಚೆನ್ನಾಗಿತ್ತು ಸಾರ್, ವರ್ಷ ಕಳೆದ ಮೇಲೆ ಹ್ಯಾಂಗ್ ಆಗ್ತಿದೆ’ ಎಂದು ನನ್ನ ಮೇಜಿಗೆ ಬರುವ ಫೋನುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾಯಿಲೆ. ಚಿಪ್ಪು ಗಟ್ಟಿಯಾಗಿಯೇ ಇರುತ್ತದೆ. ಸ್ಟೋರೇಜ್ ಮುಕ್ಕಾಲು ತುಂಬಿರುತ್ತದೆ, ವಾಟ್ಸಾಪಿನ ಗುಡ್ ಮಾರ್ನಿಂಗ್ ಫೋಟೊಗಳೇ ಹತ್ತಾರು ಜಿಬಿ. ಖಾಲಿ ಮಾಡಿಕೊಟ್ಟರೆ ಮತ್ತೆ ಓಡುತ್ತದೆ. ಅಂಗಡಿಯಲ್ಲಿ ಪರೀಕ್ಷೆಗೆ ಇಟ್ಟ ಫೋನಿದ್ದರೆ ಪ್ಲೇ ಸ್ಟೋರಿನಲ್ಲಿ ಐದಾರು ಆ್ಯಪ್ ಒಟ್ಟಿಗೆ ಅಪ್‌ಡೇಟಿಗೆ ಹಾಕಿ, ಅದು ನಡೆಯುತ್ತಿರುವಾಗಲೇ ಕ್ಯಾಮೆರಾ ತೆರೆಯಿರಿ. ತಟ್ಟನೆ ತೆರೆದರೆ ಒಳ್ಳೆಯ ಸೂಚನೆ. ಪರದೆ ಕಪ್ಪಗೆ ನಿಂತು ನೀವು ಎಣಿಸುವಂತಾದರೆ ಬೇರೆ ಮಾಡೆಲ್ ನೋಡಿ.

ನಮ್ಮ ಮಲೆನಾಡಿನವರು ನೋಡಲೇಬೇಕಾದ ಇನ್ನೊಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಮೇಜಿನ ಮೇಲೆ ಚಾರ್ಜ್ ಆಗದ ಫೋನುಗಳ ಸಾಲೇ ಇರುತ್ತದೆ. ಚಾರ್ಜಿಂಗ್ ಪಿನ್ನನ್ನು ಭೂತಗನ್ನಡಿಯಲ್ಲಿ ನೋಡಿದರೆ ಒಳಗಿನ ಸಣ್ಣ ತಗಡಿನ ಮೇಲೆ ಹಸಿರು ಕಿಲುಬು, ತಾಮ್ರದ ಚೊಂಬು ತೊಳೆಯದೆ ಬಿಟ್ಟರೆ ಹಿಡಿಯುತ್ತದಲ್ಲ, ಅದೇ. ಮಳೆಯಲ್ಲಿ ನೆನೆದ ಅಂಗಿಯ ಜೇಬಿನಲ್ಲಿ ಫೋನಿಟ್ಟು, ಮನೆಗೆ ಬಂದ ಕೂಡಲೇ ಚಾರ್ಜಿಗೆ ಚುಚ್ಚುವುದರಿಂದ ಬರುವ ಕಿಲುಬು. ಕೊಳ್ಳುವಾಗ ಸಿಮ್ ಟ್ರೇ ಎಳೆದು ನೋಡಿ. ಅಂಚಿಗೆ ತೆಳುವಾದ ರಬ್ಬರ್ ಉಂಗುರ ಇದ್ದರೆ, ತೇವ ಒಳಗೆ ಹೋಗದಂತೆ ತಯಾರಿಸಿದವರು ಒಂದಿಷ್ಟು ಯೋಚಿಸಿದ್ದಾರೆ ಎಂದು ಅರ್ಥ. 10 ಸಾವಿರದ ಫೋನುಗಳಲ್ಲೂ ಕೆಲವಕ್ಕೆ ಈಗ ಅದು ಬರುತ್ತಿದೆ. ಒದ್ದೆಯಾದ ಫೋನನ್ನು ರಾತ್ರಿಯಿಡೀ ಒಣಗಲು ಬಿಟ್ಟು, ಆಮೇಲೆ ಚಾರ್ಜಿಗೆ ಹಾಕಲು ಮಗನಿಗೆ ಹೇಳಿ.

ಬಳಸಿದ ದೊಡ್ಡ ಫೋನು ಬೇಡವೆಂದೇ ನನ್ನ ಸಲಹೆ. ನಾಲ್ಕೈದು ವರ್ಷದ ಫೋನಿನ ಬ್ಯಾಟರಿ ಸೋತಿರುತ್ತದೆ, ಅಪ್‌ಡೇಟ್ ನಿಂತಿರುತ್ತದೆ, ಅಮೋಲೆಡ್ ಎಂಬ ದುಬಾರಿ ಬಗೆಯ ಪರದೆ ಒಡೆದರೆ ಬದಲಿಸುವ ಖರ್ಚು ನಿಮ್ಮ 11 ಸಾವಿರದ ಅರ್ಧದ ಹತ್ತಿರ ಬರುತ್ತದೆ. ಆದರೂ ಅವನು ಕೇಳದೆ ಹೋದರೆ, ದುಡ್ಡು ಕೊಡುವ ಮೊದಲು ಆ ಫೋನಿನಲ್ಲಿ *#06# ಒತ್ತಿ ಬರುವ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತು ಸಂಖ್ಯೆ, ಬರೆದುಕೊಳ್ಳಿ. ‘ಕೆವೈಎಂ’ ಎಂಬ ಮೂರು ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಹೊಡೆದು, ಜಾಗ ಬಿಟ್ಟು ಆ ಅಂಕಿ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಕಳವು ಎಂದು ದೂರಾಗಿ ತಡೆಹಿಡಿದ ಫೋನಾಗಿದ್ದರೆ ಉತ್ತರದಲ್ಲಿ ತಿಳಿಯುತ್ತದೆ. ಅಂಥ ಫೋನು ಕೊಂಡು, ಆಮೇಲೆ ಸ್ಟೇಷನ್ನಿಗೆ ಅಲೆದ ಹುಡುಗರನ್ನು ನಾನು ಕಂಡಿದ್ದೇನೆ. ನಿಮಗೆ ಆ ಪಾಡು ಬೇಡ.

ಪ್ರಶ್ನೆ: ಡಬ್ಬಿಯ ಮೇಲೆ ‘8 ಜಿಬಿ + 8 ಜಿಬಿ, ಒಟ್ಟು 16 ಜಿಬಿ ರ‍್ಯಾಮ್’ ಎಂದಿದೆ. ಹತ್ತು ಸಾವಿರಕ್ಕೆ ಇದು ಹೇಗೆ ಸಾಧ್ಯ?
– ಪದವಿ ವಿದ್ಯಾರ್ಥಿ, ಹೊಸನಗರ

ಉತ್ತರ: ಮೊದಲ 8 ಮಾತ್ರ ನಿಜವಾದ ರ‍್ಯಾಮ್. ಎರಡನೆಯದು ನಿಮ್ಮ ಸ್ಟೋರೇಜಿನಿಂದಲೇ ಕಡ ತೆಗೆದ ಜಾಗ. ಅದು ರ‍್ಯಾಮಿನ ವೇಗದ ಹತ್ತಿರಕ್ಕೂ ಬರುವುದಿಲ್ಲ, ಮೇಲೆ ಹೇಳಿದ ಇಎಂಎಂಸಿ ಆದರೆ ಇನ್ನೂ ನಿಧಾನ. ಹಿಂದೆ ಬಿಟ್ಟ ಆ್ಯಪ್ ಮುಚ್ಚಿಹೋಗದಂತೆ ಅಷ್ಟಿಷ್ಟು ನೆರವಾದೀತು. ಆದರೆ 4 + 4 ಎಂದಿರುವ ಫೋನಿಗಿಂತ ಬರೀ 6 ಎಂದಿರುವ ಫೋನೇ ಮೇಲು.

ಪ್ರಶ್ನೆ: ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಫೋಟೊ ತೆಗೆಯಲು ತೋಟದಲ್ಲೇ ನಿಂತರೂ ‘ಸರ್ವೆ ನಂಬರಿನ ಹೊರಗಿದ್ದೀರಿ’ ಎನ್ನುತ್ತದೆ. ನಿಂತ ಜಾಗದ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪಿನಲ್ಲೂ ಪಕ್ಕದವರ ಜಾಗ ತೋರಿಸಿತು. ಮ್ಯಾಪಿನಲ್ಲಿ ಯಾವ ಕಡೆ ಮುಖ ಮಾಡಿದ್ದೇನೆ ಎಂಬುದೂ ತಿಳಿಯುವುದಿಲ್ಲ. 8,500 ರೂಪಾಯಿಯ ಫೋನು. ಬದಲಿಸಬೇಕೇ?
– ಅಡಿಕೆ ಬೆಳೆಗಾರರು, ಸೊರಬ

ಉತ್ತರ: ಅಣ್ಣ, ಈಗಲೇ ಬದಲಿಸಬೇಡಿ. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಜಾಗ ತಪ್ಪುವುದು ಜಿಪಿಎಸ್ ವಿಷಯ, ದಿಕ್ಕು ತಿಳಿಯದಿರುವುದು ದಿಕ್ಸೂಚಿಯ ವಿಷಯ.

ಜಿಪಿಎಸ್ಸಿಗೆ ಆಕಾಶ ಕಾಣಬೇಕು. ಅಡಿಕೆ ತೋಟದ ಚಪ್ಪರದ ಕೆಳಗೆ ದುಬಾರಿ ಫೋನೂ ತಡವರಿಸುತ್ತದೆ. ಜೊತೆಗೆ, ಉಪಗ್ರಹಗಳು ಈಗ ಎಲ್ಲಿವೆ ಎಂಬ ಮಾಹಿತಿಯನ್ನು ಫೋನು ಇಂಟರ್ನೆಟ್ಟಿನಿಂದ ಬೇಗ ಪಡೆಯುತ್ತದೆ. ನೆಟ್‌ವರ್ಕ್ ಇಲ್ಲದ ತೋಟದಲ್ಲಿ ಅದನ್ನು ಉಪಗ್ರಹದಿಂದಲೇ ನಿಧಾನವಾಗಿ ಇಳಿಸಿಕೊಳ್ಳಬೇಕು. ಅದಕ್ಕೇ ಮನೆಯಂಗಳದಲ್ಲಿ, ನೆಟ್‌ವರ್ಕ್ ಇರುವಾಗಲೇ ಮ್ಯಾಪ್ ತೆರೆದು ನೀಲಿ ಚುಕ್ಕೆ ಸರಿಯಾಗಿ ಕೂತದ್ದನ್ನು ನೋಡಿಕೊಂಡು ತೋಟಕ್ಕೆ ಇಳಿಯಿರಿ. ತೋಟದಲ್ಲಿ ಬಿಸಿಲು ಬೀಳುವ ಬಯಲು ಜಾಗ ಹುಡುಕಿ, ಫೋನನ್ನು ಅಂಗೈ ಮೇಲೆ ಮಲಗಿಸಿ ಎರಡು ಮೂರು ನಿಮಿಷ ಅಲ್ಲಾಡದೆ ನಿಲ್ಲಿ. ಚುಕ್ಕೆಯ ಸುತ್ತಲಿನ ತಿಳಿನೀಲಿ ವೃತ್ತ ಕುಗ್ಗಿದ ಮೇಲೆ ಆ್ಯಪ್ ತೆರೆಯಿರಿ. ನನ್ನ ತಮ್ಮನ ತೋಟದಲ್ಲಿ ಹೋದ ಮುಂಗಾರಿನಲ್ಲಿ ಇದೇ ತೊಂದರೆಯಾಗಿತ್ತು. ಕಾಲುವೆ ಏರಿಯ ಮೇಲೆ ಹೋಗಿ ನಿಂತ ಮೇಲೆ ಚುಕ್ಕೆ ಅವನ ಸರ್ವೆ ನಂಬರಿಗೇ ಬಂದು ಕೂತಿತು.

ಇನ್ನು ದಿಕ್ಕು. ಚುಕ್ಕೆಯಿಂದ ಬೀಸಣಿಗೆಯ ಹಾಗೆ ಬೆಳಕು ಚಾಚಿಕೊಂಡಿದ್ದರೆ ದಿಕ್ಸೂಚಿ ಇದೆ ಎಂದು ತಿಳಿಯಿರಿ. ಬರೀ ಚುಕ್ಕೆ ಇದ್ದು, ನೀವು ನಡೆದಾಗ ಮಾತ್ರ ದಿಕ್ಕು ತಿಳಿದರೆ ಆ ಫೋನಿನಲ್ಲಿ ದಿಕ್ಸೂಚಿ ಚಿಪ್ಪು ಹಾಕಿರಲಿಕ್ಕಿಲ್ಲ. ಬೆಲೆ ಇಳಿಸಲು ದಿಕ್ಸೂಚಿಯನ್ನೂ ಫೋನು ತಿರುಗಿದ್ದನ್ನು ಅರಿಯುವ ಗೈರೊಸ್ಕೋಪನ್ನೂ ಕೈಬಿಡುವುದು ಈ ಬೆಲೆಯಲ್ಲಿ ಸಾಮಾನ್ಯ. ಡಬ್ಬಿಯ ಮೇಲೆ ‘ಇಲ್ಲ’ ಎಂದು ಬರೆಯುವುದಿಲ್ಲ. ರೈತರ ಕೈಯಲ್ಲಿ ಫೋನೇ ಸರ್ವೆ ಉಪಕರಣವಾಗಿರುವ ಈ ಕಾಲದಲ್ಲಿ ಇದನ್ನು ಮುಚ್ಚಿಡುವುದು ತಪ್ಪು ಎಂದೇ ನಾನು ಹೇಳುತ್ತೇನೆ. ಮುಂದಿನ ಸಲ ಕೊಳ್ಳುವಾಗ ಅಂಗಡಿಯ ಬಾಗಿಲಲ್ಲಿ ಮ್ಯಾಪ್ ತೆರೆದು ಒಂದು ಸುತ್ತು ತಿರುಗಿ ನೋಡಿ.

ಪ್ರಶ್ನೆ: ಒಂದೇ ಫೋನಿನಲ್ಲಿ ಜಿಯೊ ಸಿಮ್ಮಿಗೆ 5ಜಿ ಬರುತ್ತದೆ, ಏರ್‌ಟೆಲ್ ಸಿಮ್ಮಿಗೆ ಬರುವುದಿಲ್ಲ. ಫೋನು ಕೆಟ್ಟಿದೆಯೇ?
– ಆಟೊ ಚಾಲಕರು, ಭದ್ರಾವತಿ

ಉತ್ತರ: ಕೆಟ್ಟಿರಲಿಕ್ಕಿಲ್ಲ. ಜಿಯೊ ತನ್ನ 5ಜಿಯನ್ನು ಸ್ವತಂತ್ರವಾಗಿ ನಿಲ್ಲಿಸಿತು, ಇದಕ್ಕೆ ಎಸ್‌ಎ ಎನ್ನುತ್ತಾರೆ. ಏರ್‌ಟೆಲ್ ತನ್ನ 4ಜಿಯ ಹೆಗಲ ಮೇಲೆ 5ಜಿ ಕೂರಿಸಿ ಶುರು ಮಾಡಿತು, ಅದು ಎನ್‌ಎಸ್‌ಎ. ತೀರಾ ಅಗ್ಗದ ಕೆಲವು 5ಜಿ ಫೋನುಗಳಿಗೆ ಎಸ್‌ಎ ಮಾತ್ರ ಅರ್ಥವಾಗುತ್ತದೆ. ಕೊಳ್ಳುವ ಮೊದಲು ಎರಡೂ ಇದೆಯೇ ಎಂದು ಕೇಳಿ, ನಿಮ್ಮದೇ ಸಿಮ್ ಹಾಕಿ ನೋಡಿ.

ಪ್ರಶ್ನೆ: ನನ್ನ ಹೊಸ ಫೋನಿನ ಹಿಂದೆ ಮೂರು ಕ್ಯಾಮೆರಾ ಇವೆ. ಒಂದನ್ನು ಬೆರಳಿನಿಂದ ಮುಚ್ಚಿದರೂ ಫೋಟೊದಲ್ಲಿ ಏನೂ ಬದಲಾಗುವುದಿಲ್ಲ. ಏಕೆ?
– ಹೈಸ್ಕೂಲ್ ಶಿಕ್ಷಕಿ, ಶಿಕಾರಿಪುರ

ಉತ್ತರ: ಮೇಡಂ, ನೀವು ಸರಿಯಾಗಿಯೇ ಪರೀಕ್ಷೆ ಮಾಡಿದ್ದೀರಿ. ಹೋದ ವಾರ ಇಂಥದೇ ಒಂದು ಫೋನಿನ ಬ್ಯಾಕ್ ಪ್ಯಾನೆಲ್ ಬಿಚ್ಚಿದ್ದೆ. ಹೊರಗಿನಿಂದ ಒಂದೇ ಅಳತೆಯ ಮೂರು ಉಂಗುರ. ಒಳಗೆ ಮೊದಲ ಉಂಗುರದ ಹಿಂದೆ ಉಗುರಿನಷ್ಟು ಅಗಲದ 50 ಮೆಗಾಪಿಕ್ಸೆಲ್ ಕ್ಯಾಮೆರಾ, ಅದರಿಂದ ಬೋರ್ಡಿಗೆ ಹೋಗುವ ಸ್ಟ್ರಿಪ್. ಎರಡನೆಯದರ ಹಿಂದೆ ತೊಗರಿ ಕಾಳಿನಷ್ಟು ಚಿಕ್ಕದೊಂದು, 2 ಮೆಗಾಪಿಕ್ಸೆಲ್. ಮೂರನೆಯದರ ಹಿಂದೆ ಏನೂ ಇರಲಿಲ್ಲ. ಕಪ್ಪು ಬಣ್ಣ ಬಳಿದ ಪ್ಲಾಸ್ಟಿಕ್ ಗುಂಡಿ, ಅದರ ಮೇಲೊಂದು ಗಾಜು. ಚಿಮುಟದಿಂದ ಎತ್ತಿದರೆ ಎದ್ದು ಬಂತು. ಫೋನಿನ ಯಜಮಾನರು ಎದುರಿಗೇ ಕೂತಿದ್ದರು. ಅವರ ಕೈಗೆ ಕೊಟ್ಟೆ. ತುಂಬಾ ಹೊತ್ತು ಅದನ್ನೇ ನೋಡುತ್ತಿದ್ದರು.

ಮುಖ್ಯ ಕ್ಯಾಮೆರಾ ಮಾತ್ರ ಕೆಲಸದ್ದೇ. 50 ಮೆಗಾಪಿಕ್ಸೆಲ್ಲಿನಲ್ಲಿ ನಾಲ್ಕು ನಾಲ್ಕು ಚುಕ್ಕೆ ಸೇರಿಸಿ 12.5 ಮೆಗಾಪಿಕ್ಸೆಲ್ಲಿನ ಫೋಟೊ ಕೊಡುತ್ತದೆ. ಹಗಲು ಬೆಳಕಿನಲ್ಲಿ ನಿಮ್ಮ ಶಾಲಾ ವಾರ್ಷಿಕೋತ್ಸವದ ಗುಂಪು ಫೋಟೊಕ್ಕೆ ಧಾರಾಳ ಸಾಕು. ಸಂಜೆಯ ನಾಟಕವಿದ್ದರೆ ವೇದಿಕೆಯ ದೀಪ ಜೋರಾಗಿ ಹಾಕಿಸಿ, ಫೋನನ್ನು ಡೆಸ್ಕಿಗೋ ಕಂಬಕ್ಕೋ ಆನಿಸಿಕೊಂಡು ತೆಗೆಯಿರಿ. ಕೈ ನಡುಕವನ್ನು ಸರಿಪಡಿಸುವ ಓಐಎಸ್ ಈ ಬೆಲೆಯ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಪ್ರಶ್ನೆ: ಮೂರು ವರ್ಷದ ಹಿಂದೆ 9,000ಕ್ಕೆ ಕೊಂಡ ಫೋನಿನ ಡಿಸ್‌ಪ್ಲೇ ಒಡೆದಿದೆ. ಹಾಕಿಸಲೋ, ಹೊಸದು ಕೊಳ್ಳಲೋ?
– ಟೈಲರ್, ಆನಂದಪುರ

ಉತ್ತರ: ಅಗ್ಗದ ಫೋನುಗಳಲ್ಲಿ ಬರುವ ಎಲ್‌ಸಿಡಿ ಪರದೆಯಾದರೆ ಹಾಕಿಸಿ. ನನ್ನಲ್ಲಿ ಟಚ್ ಸಮೇತ ಕಾಂಬೊ 1,200ರಿಂದ 2,000 ರೂಪಾಯಿಯೊಳಗೆ ಮುಗಿಯುತ್ತದೆ. ಅಗ್ಗದ ಫೋನಿನ ದೊಡ್ಡ ಅನುಕೂಲವೇ ಇದು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಪರದೆ ಬಿಚ್ಚಿದಾಗಲೇ ಅದನ್ನೂ ಬದಲಿಸಿಕೊಡಲು ಹೇಳಿ, ಇಲ್ಲದಿದ್ದರೆ ಹೊಸ ಪರದೆಯನ್ನೂ ಅದು ಒಳಗಿನಿಂದ ಎತ್ತಿಬಿಡುತ್ತದೆ. ಹಳೆಯ ಪರದೆಯನ್ನು ಕೇಳಿ ವಾಪಸ್ ತೆಗೆದುಕೊಳ್ಳಿ. ಬರೀ ಮೇಲಿನ ಗಾಜು ಒಡೆದಿದ್ದು ಒಳಗಿನ ಪರದೆ ಬೆಳಗುತ್ತಿದ್ದರೆ, ಅದಕ್ಕೂ ಐವತ್ತೋ ನೂರೋ ಕೊಟ್ಟು ಕೊಳ್ಳುವವರಿದ್ದಾರೆ.