ಊರಲ್ಲಿ ಒಬ್ಬಳು, ಕಾಲೇಜಲ್ಲಿ ಇನ್ನೊಬ್ಬಳು

ಪ್ರಶ್ನೆ: ಅಕ್ಕಾ, ನಮ್ದು ಸಾಗರ ತಾಲೂಕಿನ ಹಳ್ಳಿ, ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದ್ತಿದೀನಿ. ಊರಲ್ಲಿ ನಾನು ಇಂಥವರ ಮಗಳು ಅಷ್ಟೇ, ಕಾಲೇಜಲ್ಲಿ ಕನ್ನಡ ಮೀಡಿಯಂ ಹಾಸ್ಟೆಲ್ ಹುಡುಗಿ. ಈಗ ನಮ್ಮ ಜಾತಿಯ ಸೀನಿಯರ್ಸ್ ಅವರ ವಾಟ್ಸಾಪ್ ಗ್ರೂಪಿಗೆ ಸೇರಿಸಿದಾರೆ. ಅಲ್ಲಿ ಹಾಯೆನಿಸುತ್ತೆ, ಆದ್ರೆ ಬೇರೆ ಜಾತಿಯ ರೂಮ್‌ಮೇಟ್ ಮುಂದೆ ಅದನ್ನ ಓಪನ್ ಮಾಡೋಕೆ ಮುಜುಗರ. ಇದ್ರಲ್ಲಿ ನಿಜವಾದ ನಾನು ಯಾರು?

ಉತ್ತರ: ತಂಗೀ, ಇವೆಲ್ಲಾ ನೀನೇ, ಆದ್ರೆ ಒಂದನ್ನೂ ನೀನು ಆರಿಸ್ಕೊಂಡಿದ್ದಲ್ಲ. ನಮ್ಮ ಕಡೆ ಯಾರು ಸಿಕ್ಕರೂ 'ಯಾವೂರಾಯ್ತು, ಯಾರ ಮನೆ' ಅಂತಾರೆ, ಅದ್ರಲ್ಲಿ ಅಕ್ಕರೆನೂ ಇದೆ, ಜಾತಿ ತಿಳ್ಕೊಳ್ಳೋ ಆಸೆನೂ ಇದೆ.

ಗ್ರೂಪಲ್ಲಿ ಹಾಯೆನಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡ. 1970ರ ಸುಮಾರಿಗೆ ಇಂಗ್ಲೆಂಡಲ್ಲಿ ಹೆನ್ರಿ ಟಾಜ್‌ಫೆಲ್ ಅನ್ನೋ ಮನಶ್ಶಾಸ್ತ್ರಜ್ಞ, ಯಾವ ಪೇಂಟಿಂಗ್ ಇಷ್ಟ ಅನ್ನೋ ನೆಪ ಇಟ್ಕೊಂಡು ಶಾಲಾ ಹುಡುಗರನ್ನ ಎರಡು ಗುಂಪು ಮಾಡಿದ್ರು, ತಮ್ಮ ಗುಂಪಲ್ಲಿ ಯಾರ್ಯಾರಿದಾರೆ ಅಂತಾನೂ ಗೊತ್ತಿಲ್ದೆ ಆ ಹುಡುಗರು ತಮ್ಮ ಗುಂಪಿನವರಿಗೇ ಜಾಸ್ತಿ ದುಡ್ಡು ಹಂಚಿದ್ರು. ಅಷ್ಟು ಸಣ್ಣ ನೆಪಕ್ಕೇ ಹೀಗಾದ್ರೆ ಜಮೀನು, ಮದುವೆ, ಊಟದ ಪಂಕ್ತಿ ಎಲ್ಲಾ ಸೇರಿ ತಲೆಮಾರುಗಳಿಂದ ಎಳೆದಿರೋ ಗೆರೆ ಹದಿನೆಂಟರ ಹುಡುಗಿ ಮನಸ್ಸಿನ ಮೇಲೆ ಮೂಡದೆ ಇರುತ್ತಾ?

ಆದ್ರೆ ಆ ಗೆರೆ ಶಾಶ್ವತ ಅಲ್ಲ, ನಿಮ್ಮ ತಾಲೂಕಿನ ಕಾಗೋಡು ಊರನ್ನೇ ನೋಡು. 1951ರಲ್ಲಿ ಬೇರೆಯವರ ಜಮೀನು ಗೇಣಿಗೆ ಉಳ್ತಿದ್ದ ಗೇಣಿದಾರರು, ಹೆಚ್ಚಿನೋರು ದೀವರ ಜಾತಿಯವರು, ರೈತ ನಾಯಕ ಎಚ್. ಗಣಪತಿಯಪ್ಪನವರ ಜೊತೆ ಜಮೀನ್ದಾರರ ವಿರುದ್ಧ ಎದ್ದು ನಿಂತ್ರು. ಜಗಳ ಇದ್ದಿದ್ದು ಗೇಣಿ ಭತ್ತ ಅಳೆಯೋ ಕೊಳಗದ ಮೇಲೆ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅರೆಸ್ಟೂ ಆದ್ರು. ಆಮೇಲೆ ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದ ಕಾಲದಲ್ಲಿ ಭೂ ಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದು ಎಷ್ಟೋ ಗೇಣಿದಾರರು ಈ ಜಮೀನು ನಾವೇ ಉಳ್ತಿದೀವಿ ಅಂತ ಡಿಕ್ಲರೇಶನ್ ಹಾಕಿ ಉಳ್ತಿದ್ದ ಗದ್ದೆಗೇ ಒಡೆಯರಾದ್ರು. ಜಮೀನ್ದಾರರ ಜಗಲಿ ಕೆಳಗೆ ನಿಲ್ತಿದ್ದವನ ಮಗ ತಲೆ ಎತ್ಕೊಂಡು ಶಾಲೆಗೆ ಹೋದ. ಅವನ ಸ್ವಭಾವ ಬದಲಾಗಿದ್ದಲ್ಲ, ಪಹಣಿಯಲ್ಲಿ ಹೆಸರು ಬದಲಾಯ್ತು.

ಅಲ್ಲೂ ಹೆಚ್ಚಾಗಿ ಬಂದಿದ್ದು ಗಂಡಸರ ಹೆಸರೇ, ಗೇಣಿ ಜಮೀನೂ ಇಲ್ದೆ ಕೂಲಿ ಮಾಡ್ತಿದ್ದವರಿಗೆ ಏನೂ ಸಿಗ್ಲಿಲ್ಲ. ನನಗೆ ತುಂಬಾ ಸಂಕಟ ಆಗೋದು ಇಲ್ಲೇ. ಅದೇ ಮನೆಯ ಹುಡುಗಿ ಮೊದಲು ಇಂಥವರ ಮಗಳು, ಆಮೇಲೆ ಇಂಥವರ ಹೆಂಡ್ತಿ, ಅವಳದ್ದು ಅಂತ ಒಂದು ಗುಂಟೆಯೂ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಕಾನೂನು ತಿದ್ದುಪಡಿ ಆಗಿದೆ. ರಜೆಗೆ ಹೋದಾಗ ಈ ಮಾತು ಮನೇಲಿ ಎತ್ತು, ಕೋಪ ಮಾಡ್ಕೊಂಡ್ರೂ ಎತ್ತು.

ಗ್ರೂಪ್ ಬಿಡಬೇಡ, ಸ್ಕಾಲರ್‌ಶಿಪ್, ಪರೀಕ್ಷೆ ವಿಷಯ ಅಲ್ಲಿ ಬೇಗ ಗೊತ್ತಾಗುತ್ತೆ, ಆದ್ರೆ ಬೇರೆಯವರನ್ನ ಹೀಯಾಳಿಸೋ ಮೆಸೇಜ್ ಬಂದ್ರೆ ಅಲ್ಲೇ ಹೇಳು, ಕೇಳ್ದಿದ್ರೆ ಹೊರಗೆ ಬಾ. ರೂಮ್‌ಮೇಟ್‌ಗೆ ನೀನೇ ಹೇಳಿಬಿಡು, ಅವಳೂ ಅಂಥದ್ದೇ ಗ್ರೂಪಲ್ಲಿ ಇರಬಹುದು. ಇನ್ನು ಪ್ರಾಜೆಕ್ಟ್‌ಗೆ ಹಾಸ್ಟೆಲ್‌ನವರು ಒಂದ್ಕಡೆ, ಸಿಟಿಯವರು ಒಂದ್ಕಡೆ ಆಗ್ತಿದ್ರೆ ಚೀಟಿ ಎತ್ತಿ ಟೀಮ್ ಮಾಡಿ ಅಂತ ಲೆಕ್ಚರರ್‌ನ ಕೇಳು, ಒಬ್ಬಳೇ ಹೋಗ್ಬೇಡ, ನಾಲ್ಕು ಜನ ಸೇರಿ ಹೋಗಿ.