ಎಬಿಎಸ್ ತೆಗೆಸಿದ ಮೇಲೆ ಮೂರು ವಾರ ಎಲ್ಲ ಚೆನ್ನಾಗಿಯೇ ಇತ್ತು

ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮದು ಪೋಲೊ ಜಿಟಿ ಕಾರು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಆಗಾಗ ಹತ್ತುತ್ತದೆ, ಆರಿದ್ದಾಗ ಮನೆ ದಾರಿಯ ಜಲ್ಲಿಯಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಗಡಗಡ ನಡುಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ರೇಸ್ ಕಾರಿಗೆ ಎಬಿಎಸ್ ಇರುವುದಿಲ್ಲ, ಹಾಗಾದರೆ ತೆಗೆಸಿಬಿಡಲಾ? 2019ರಲ್ಲಿ ನಾನೂ ಇದನ್ನೇ ಕೇಳಿದ್ದೆ. ಉತ್ತರ ಬರುವವರೆಗೆ ಕಾಯಲಿಲ್ಲ, ಅಷ್ಟೇ.

ನಮ್ಮ ಮನೆ ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ. ಕೊನೆಯ ಮೂರು ಕಿಲೋಮೀಟರ್ ಕೆಂಪು ಮಣ್ಣು, ಜಲ್ಲಿ. ಅಂಥ ಊರಿನಲ್ಲಿ ಇದ್ದುಕೊಂಡು ಸೆಕೆಂಡ್ ಹ್ಯಾಂಡ್ ಅಬಾರ್ತ್ ಪುಂಟೊ ಕೊಂಡಿದ್ದೆ. 1.4 ಲೀಟರ್ ಟರ್ಬೊ, 145 ಬಿಎಚ್‌ಪಿ, ನಾಲ್ಕೂ ಚಕ್ರಕ್ಕೆ ಡಿಸ್ಕ್. ಅಪ್ಪ ಅದನ್ನು ನೋಡಿ, 'ಇದರಲ್ಲಿ ಎಷ್ಟು ಚೀಲ ಹಿಡಿಯುತ್ತದೆ?' ಎಂದು ಕೇಳಿದರು. ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಆ ವರ್ಷ ಏಪ್ರಿಲ್‌ನಲ್ಲಿ ಮುಂದಿನ ಬಲ ಚಕ್ರದ ಬೇರಿಂಗ್ ಬದಲಾಯಿಸಿದೆವು. ಮರುದಿನವೇ ಎಬಿಎಸ್ ದೀಪ ಹತ್ತಿತು. ಸೆನ್ಸರ್ ಬದಲಾಯಿಸಿದೆ, ಹೋಗಲಿಲ್ಲ. ವೈರಿಂಗ್ ನೋಡಿಸಿದೆ, ಹೋಗಲಿಲ್ಲ. ದೀಪ ಹತ್ತುವ ಮೊದಲು ಜಲ್ಲಿಯಲ್ಲಿ ನನ್ನದೂ ನಿಮ್ಮದೇ ಕತೆ. ಗೆಳೆಯನೊಬ್ಬನಿಗೆ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಕಾರ್ ರೇಸ್) ಹುಚ್ಚು. ಅವನ ಸಲಹೆ ಒಂದೇ ಸಾಲು: 'ತೆಗೆದು ಬಿಸಾಡು ಮಾರಾಯ, ಪೆಡಲ್ ಫೀಲ್ ಬೇರೆಯೇ ಇರ್ತದೆ.'

ತೆಗೆಸಿದೆ. ಮೇ ತಿಂಗಳ ಮಧ್ಯದಲ್ಲಿ, ಒಂದೇ ಮಧ್ಯಾಹ್ನದ ಕೆಲಸ. ಬಾನೆಟ್ ಕೆಳಗಿನ ಎಬಿಎಸ್ ಡಬ್ಬಿಗೆ, ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರ್‌ನಿಂದ ಎರಡು ಪೈಪ್ ಬರುತ್ತವೆ, ಚಕ್ರಗಳಿಗೆ ನಾಲ್ಕು ಹೋಗುತ್ತವೆ. ಡಬ್ಬಿ ತೆಗೆದು ನಡುವೆ ಒಂದು ಪೈಪನ್ನು ಎರಡಾಗಿಸುವ ಎರಡು ಟಿ-ಜಾಯಿಂಟ್ ಹಾಕಿ, ಪೈಪಿನೊಳಗಿನ ಏರ್ ತೆಗೆದು ಕೊಟ್ಟರು. ಮನೆಗೆ ತಂದು ಅಡಿಕೆ ತೂಗುವ ತಕ್ಕಡಿಯಲ್ಲಿ ಡಬ್ಬಿ ಇಟ್ಟೆ. ಎರಡೂವರೆ ಕೆಜಿ. ಹಲಸಿನ ಹಣ್ಣಿನ ಕಾಲದಲ್ಲಿ ನಾನೇ ಅದಕ್ಕಿಂತ ಜಾಸ್ತಿ ಏರುತ್ತೇನೆ. ಆದರೂ ಕಾರು ಹಗುರಾಯಿತು ಅಂತ ಖುಷಿಪಟ್ಟೆ.

ಪೆಡಲ್ ನಿಜಕ್ಕೂ ಗಟ್ಟಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಅದು ಹೊಸ ಬ್ರೇಕ್ ಆಯಿಲ್‌ನಿಂದ ಅಂತ ಆಗ ಹೊಳೆಯಲಿಲ್ಲ. ಡಬ್ಬಿ ಇಲ್ಲದೆ ಸ್ಪೀಡೋಮೀಟರ್ ಮುಳ್ಳೂ ಸತ್ತುಹೋಗಿತ್ತು, ಮೊಬೈಲ್ ನೋಡಿ ಓಡಿಸುತ್ತಿದ್ದೆ. ಜಲ್ಲಿಯಲ್ಲಿ ಕಾರು ಬೇಗ ನಿಲ್ಲುತ್ತಿತ್ತು. ಇದೂ ನಿಜ. ಲಾಕ್ ಆದ ಚಕ್ರ ಜಲ್ಲಿಯನ್ನು ಮುಂದೆ ಗುಡ್ಡೆ ಹಾಕಿಕೊಳ್ಳುತ್ತದೆ, ಆ ಗುಡ್ಡೆಯೇ ತಡೆಯುತ್ತದೆ. ಎಬಿಎಸ್ ಚಕ್ರವನ್ನು ಬಿಟ್ಟು ಬಿಟ್ಟು ಹಿಡಿಯುವುದರಿಂದ ಗುಡ್ಡೆ ಕಟ್ಟಲು ಬಿಡುವುದಿಲ್ಲ. ಆ ಮಟ್ಟಿಗೆ ನಿಮ್ಮ ಅನುಭವ ಸರಿ.

ಈಗ ನನ್ನ ತಪ್ಪು. ಎಬಿಎಸ್ ತೆಗೆದದ್ದೇ ತಪ್ಪು ಅಂತ ಎಲ್ಲರೂ ಬೈದರು. ನಾನು ಹೇಳುವುದು ಅದಲ್ಲ. ಆ ಡಬ್ಬಿ ಎಬಿಎಸ್ ಕೆಲಸ ಒಂದೇ ಮಾಡುತ್ತದೆ ಅಂತ ನಂಬಿದ್ದು ತಪ್ಪು.

ಬ್ರೇಕ್ ಜೋರಾಗಿ ಒತ್ತಿದಾಗ ಕಾರಿನ ಮೂತಿ ಬಗ್ಗುತ್ತದೆ, ಹಿಂಭಾಗ ಮೇಲೇಳುತ್ತದೆ. ನಮ್ಮಂಥ ಸಣ್ಣ ಕಾರಿನಲ್ಲಿ ಎಂಜಿನ್ನೂ ಮುಂದೆಯೇ. ಹಾಗಾಗಿ ಭಾರದ ಬಹುಪಾಲು ಮುಂದಿನ ಎರಡು ಟೈರ್ ಮೇಲೆ ಬೀಳುತ್ತದೆ, ಹಿಂದಿನವು ರಸ್ತೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಓಡುತ್ತಿರುತ್ತವೆ. ಅವಕ್ಕೂ ಮುಂದಿನಷ್ಟೇ ಒತ್ತಡ ಹೋದರೆ ಮೊದಲು ಲಾಕ್ ಆಗುವುದು ಅವೇ. ಹಳೆಯ ಗಾಡಿಗಳಲ್ಲಿ ಇದನ್ನು ತಡೆಯಲು ಒಂದು ವಾಲ್ವ್ ಇರುತ್ತಿತ್ತು. ಕೆಲವು ವ್ಯಾನು, ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಸ್ಪ್ರಿಂಗ್ ಕಟ್ಟಿ, ಲೋಡ್ ನೋಡಿಕೊಂಡು ಒತ್ತಡ ಕಡಿಮೆ ಮಾಡುವ ವಾಲ್ವ್. ಮೆಕ್ಯಾನಿಕ್‌ಗಳು ಎಲ್‌ಎಸ್‌ಪಿವಿ ಅನ್ನುತ್ತಾರೆ. ಎಬಿಎಸ್ ಬಂದ ಮೇಲೆ ಕಂಪನಿಗಳು ಆ ವಾಲ್ವ್ ಕೈಬಿಟ್ಟು ಕೆಲಸವನ್ನು ಇದೇ ಡಬ್ಬಿಗೆ ವಹಿಸಿದವು. ಹಿಂದಿನ ಚಕ್ರ ಮುಂದಿನದಕ್ಕಿಂತ ಸ್ವಲ್ಪ ನಿಧಾನ ಆಗತೊಡಗಿದರೂ ಸಾಕು, ಡಬ್ಬಿ ಹಿಂದಿನ ಪೈಪನ್ನು ಸದ್ದಿಲ್ಲದೆ ಮುಚ್ಚುತ್ತದೆ. ಇದೇ ಇಬಿಡಿ. ಪೆಡಲ್ ನಡುಗುವುದಿಲ್ಲ, ದೀಪ ಹತ್ತುವುದಿಲ್ಲ. ದಿನಕ್ಕೆ ಹತ್ತು ಸಲ ಕೆಲಸ ಮಾಡಿದರೂ ನಮಗೆ ಗೊತ್ತಾಗುವುದಿಲ್ಲ.

ಟಿ-ಜಾಯಿಂಟ್ ಹಾಕಿದ ದಿನ ಅದು ಹೋಯಿತು. ನನಗೆ ತಿಳಿಯಲೇ ಇಲ್ಲ. ಯಾಕೆ ಅಂದರೆ ಆ ಮೂರು ವಾರ ಡಿಕ್ಕಿಯಲ್ಲಿ ಎರಡು ಚೀಲ ಚಾಲಿ ಅಡಿಕೆ ಇತ್ತು. ಹಿಂದಿನ ಸೀಟು ಮಡಚಿ ಹಾಕಿದ್ದೆ. ಶಿರಸಿಯ ಅಡಿಕೆ ಮಾರಾಟ ಸಂಘ ಟಿಎಸ್‌ಎಸ್‌ಗೆ ಒಯ್ಯಬೇಕು ಅನ್ನುವುದು, ರೇಟು ಏರಬಹುದು ಅಂತ ಅಪ್ಪ ತಡೆಯುವುದು. ಹತ್ತಿರ ಹತ್ತಿರ 130 ಕೆಜಿ, ಸರಿಯಾಗಿ ಹಿಂದಿನ ಚಕ್ರದ ಮೇಲೆ. ಹಿಂದಿನ ಟೈರ್‌ಗಳನ್ನು ನೆಲಕ್ಕೆ ಒತ್ತಿ ಹಿಡಿದದ್ದು ಅಡಿಕೆ, ನಾನು ಶಹಬ್ಬಾಸ್ ಅಂದದ್ದು ಟಿ-ಜಾಯಿಂಟ್‌ಗೆ.

ಜೂನ್ ಮೊದಲ ವಾರ ಅಡಿಕೆ ಮಾರಿದೆವು. ಎರಡು ದಿನ ಬಿಟ್ಟು, ಮುಂಬೈಯಿಂದ ಬರುತ್ತಿದ್ದ ಚಿಕ್ಕಪ್ಪನನ್ನು ಕರೆತರಲು ಕುಮಟಾ ಸ್ಟೇಷನ್‌ಗೆ ಹೊರಟೆ. ಪಕ್ಕದಲ್ಲಿ ಭಾವ. ಡಿಕ್ಕಿ ಖಾಲಿ. ಸುಮ್ನೆ ಜಿಟಿಜಿಟಿ ಮಳೆ, ರಸ್ತೆಯ ಧೂಳು ಇನ್ನೂ ತೊಳೆದು ಹೋಗದ ಮೊದಲ ಮಳೆ. ದೇವಿಮನೆ ಘಾಟಿನ ಇಳಿಜಾರು. ತಿರುವಿನಲ್ಲಿ ಎದುರಿಗೆ ಸರ್ಕಾರಿ ಬಸ್. ವೇಗ 50 ಕೂಡ ಇರಲಿಕ್ಕಿಲ್ಲ. ಬ್ರೇಕ್ ಒತ್ತಿದೆ.

ಚಿಕ್ಕವರಿದ್ದಾಗ ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುತ್ತಿದ್ದರಲ್ಲ? ತಿರುಗಿಸಿದ ಕೂಡಲೇ ಹಾಳೆ ಅಡ್ಡಕ್ಕೆ ಬೀಸಿಕೊಂಡು ಹೋಗುತ್ತಿತ್ತು. ಉರುಳದ ವಸ್ತುವಿಗೆ ಅಡ್ಡ ಹಿಡಿತ ಇಲ್ಲ. ಮುಂದಿನ ಚಕ್ರ ಲಾಕ್ ಆದರೆ ಸ್ಟೀರಿಂಗ್ ಕೇಳುವುದಿಲ್ಲ, ಕಾರು ನೇರ ಹೋಗುತ್ತದೆ, ಬ್ರೇಕ್ ಸಡಿಲಿಸಿದರೆ ಮರಳಿ ಬರುತ್ತದೆ. ಹಿಂದಿನವು ಲಾಕ್ ಆದರೆ ಕಾರಿನ ಬಾಲವೇ ಹಾಳೆ. ಬ್ರೇಕ್ ಬಿಡಬೇಕು ಅಂತ ತಲೆಗೆ ಹೊಳೆಯುವಷ್ಟರಲ್ಲಿ ನಾನು ಬಂದ ದಾರಿಯನ್ನೇ ನೋಡುತ್ತಿದ್ದೆ. ಕಾರು ಹಿಮ್ಮುಖವಾಗಿ ಚರಂಡಿ ದಾಟಿ ಧರೆಗೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಗೆ, ಹೊಡೆಯಿತು. ಇನ್ನೊಂದು ಬದಿ ಧರೆ ಇರಲಿಲ್ಲ, ಕಣಿವೆ ಇತ್ತು. ಬಸ್ಸಿನವರು ನಿಲ್ಲಿಸಿ ಇಳಿದು ಬಂದರು. ಭಾವನ ಹಣೆಗೆ ನಾಲ್ಕು ಹೊಲಿಗೆ. ಅಕ್ಕ ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ.

ಇನ್ಶೂರೆನ್ಸ್ ಸರ್ವೇಯರ್ ಬಾನೆಟ್ ತೆಗೆದು ಟಿ-ಜಾಯಿಂಟ್ ಫೋಟೊ ಹೊಡೆದುಕೊಂಡರು. ಕ್ಲೇಮ್ ಸಿಗಲಿಲ್ಲ, ನನಗೆ ವಾದ ಮಾಡುವ ಮುಖವೂ ಇರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಗಲೇ ಓದಿದ್ದು, ಕಾರು ಮಾರ್ಪಾಡು ಮಾಡುವ ಮೊದಲು ಓದಬೇಕಾದದ್ದು. ಕೈಯಿಂದ ಹೋದದ್ದು 1 ಲಕ್ಷ 40 ಸಾವಿರ. ಅದರಲ್ಲಿ ಹಳೆಯ ಡಬ್ಬಿಯನ್ನು ಮತ್ತೆ ಕೂರಿಸಿದ ಖರ್ಚೂ ಸೇರಿದೆ. ಒಣಗಿ ಕೂತಿದ್ದ ಡಬ್ಬಿಯೊಳಗಿನ ಗಾಳಿ ಪೆಡಲ್ ತುಳಿದರೆ ಬರುವುದಿಲ್ಲ, ಸ್ಕ್ಯಾನರ್ ಹಾಕಿ ಒಳಗಿನ ಪಂಪ್ ಓಡಿಸಿ ತೆಗೆಯಬೇಕು. ಅದಕ್ಕೆ ಕಾರನ್ನು ಟ್ರಕ್ ಮೇಲೆ ಹಾಕಿ ಹುಬ್ಬಳ್ಳಿಗೆ ಕಳಿಸಿದೆ.

ಅಲ್ಲಿಯೇ ತಿಳಿದದ್ದು ಮೂಲ ಕಾಯಿಲೆ ಏನು ಅಂತ. ಈಗಿನ ಹಲವು ಬೇರಿಂಗ್‌ಗಳ ಒಂದು ಬದಿಯ ಸೀಲ್‌ನಲ್ಲೇ ಮ್ಯಾಗ್ನೆಟ್ ಪಟ್ಟಿ ಇರುತ್ತದೆ. ಸೆನ್ಸರ್ ಚಕ್ರದ ವೇಗ ಓದುವುದು ಅದನ್ನೇ. ನನ್ನ ಬೇರಿಂಗ್ ಹಿಂದುಮುಂದಾಗಿ ಕೂತಿತ್ತು. ಸೆನ್ಸರ್ ಎಷ್ಟು ಬದಲಾಯಿಸಿದರೇನು? ಕಬ್ಬಿಣದ ಪುಡಿ ಅಂಟಿದರೆ ಗೊತ್ತಾಗುತ್ತದೆ ಯಾವ ಬದಿ ಅಂತ. ಒಂದು ಪೇಪರ್ ಕ್ಲಿಪ್ ಹಿಡಿದಿದ್ದರೆ ಸಾಕಿತ್ತು.

ಈಗ ನಿಮ್ಮ ಪ್ರಶ್ನೆ. ತೆಗೆಸಬೇಡಿ. 'ಸಾಧಕ ಬಾಧಕ ಹೇಳಿ' ಅಂದಿದ್ದೀರಿ, ನಾನು ಹೇಳುವುದಿಲ್ಲ. ನಿಮ್ಮ ಜಲ್ಲಿ ಎಷ್ಟು ದೂರ? ನನ್ನದು ಮೂರು ಕಿಲೋಮೀಟರ್, ಉಳಿದದ್ದೆಲ್ಲ ಡಾಂಬರು ಮತ್ತು ನಾಲ್ಕು ತಿಂಗಳ ಮಳೆ. ಜಲ್ಲಿಯಲ್ಲಿ ಸೆಕೆಂಡ್ ಗೇರಿನಲ್ಲಿ ಹೋಗಿ, ಮುಗಿಯಿತು. ರೇಸ್ ಕಾರಿನ ಮಾತು ಬಿಡಿ. ಫಾರ್ಮುಲಾ ಒನ್‌ನಲ್ಲಿ 1994ರಿಂದ ಎಬಿಎಸ್ ನಿಷೇಧ ಅನ್ನುವುದು ಸರಿ. ಆದರೆ ಅಲ್ಲಿ ಚಾಲಕ ಕೂತಲ್ಲೇ ಹಿಂದೆ ಮುಂದೆ ಬ್ರೇಕ್ ಪಾಲು ತಿದ್ದಿಕೊಳ್ಳುತ್ತಾನೆ. ಜಿಟಿ3 ರೇಸ್ ಕಾರುಗಳಲ್ಲಿ ಎಬಿಎಸ್ ಇದೆ, ಅದನ್ನು ಯಾರೂ ನಿಮಗೆ ಹೇಳಿಲ್ಲ ಅಲ್ವಾ?

ಕಾಮೆಂಟಿನಲ್ಲಿ ಯಾರೋ ಹೇಳುತ್ತಾರೆ, 'ಹಿಂದಿನ ಲೈನ್‌ಗೆ ಒಂದು ಪ್ರಪೋರ್ಷನಿಂಗ್ ವಾಲ್ವ್ ಹಾಕು, ಆಯಿತು' ಅಂತ. ಮೇಲೆ ಹೇಳಿದ ಒತ್ತಡ ಇಳಿಸುವ ವಾಲ್ವ್ ಅದು. ಒಂದು ಸಾಲದು. ಇಂಥ ಕಾರುಗಳಲ್ಲಿ ಬ್ರೇಕ್ ಲೈನ್ ಅಡ್ಡಡ್ಡ ಹೋಗುತ್ತದೆ, ಮುಂದಿನ ಎಡಕ್ಕೆ ಹಿಂದಿನ ಬಲ ಜೋಡಿ. ಹಿಂದಿನದು ಅಂತ ಒಂದೇ ಲೈನ್ ಇಲ್ಲ, ಎರಡು ಬೇಕು, ಎರಡೂ ಒಂದೇ ಸಮ ಕೂರಬೇಕು. ಫ್ಯೂಸ್ ಕೀಳುವ ಐಡಿಯಾವೂ ಬೇಡ. ಫ್ಯೂಸ್ ಕಿತ್ತರೆ ಇಬಿಡಿಯೂ ಸಾಯುತ್ತದೆ, ನನ್ನ ಟಿ-ಜಾಯಿಂಟ್‌ಗೂ ಅದಕ್ಕೂ ವ್ಯತ್ಯಾಸ ಇಲ್ಲ.

ಪೆಡಲ್ ಫೀಲ್ ಬೇಕಾದರೆ ಬ್ರೇಕ್ ಆಯಿಲ್ ಬದಲಾಯಿಸಿ. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಕಡೆಯ ಹವೆಗೆ ಎರಡು ವರ್ಷವೇ ಜಾಸ್ತಿ. ಆಮೇಲೆ ಒಳ್ಳೆಯ ಟೈರ್. ಇತ್ತೀಚೆಗೆ ಬೇರಿಂಗ್ ಹಾಕಿಸಿದ್ದರೆ ಅದನ್ನು ಬಿಚ್ಚಿಸಿ ನೋಡಿ.

ಅದಕ್ಕೂ ಮೊದಲು ಈಗಲೇ ಹೋಗಿ ಮೀಟರ್ ನೋಡಿ. ಹಳದಿ ಎಬಿಎಸ್ ದೀಪ ಒಂದೇ ಇದ್ದರೆ ಇಬಿಡಿ ಇನ್ನೂ ಉಳಿದಿರುವ ಸಾಧ್ಯತೆ ಇದೆ, ನಿಧಾನಕ್ಕೆ ಗ್ಯಾರೇಜಿಗೆ ಒಯ್ಯಬಹುದು. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ಬ್ರೇಕ್ ದೀಪ ಜೊತೆಗೆ ಉರಿಯುತ್ತಿದ್ದರೆ ಇಬಿಡಿಯೂ ಹೋಗಿರಬಹುದು, ಬ್ರೇಕ್ ಆಯಿಲ್ಲೇ ಸೋರಿರಬಹುದು. ಆಗ ಕಾರು ತೆಗೆಯಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ. ಯಾವ ದೀಪ ಅಂತ ಇಲ್ಲೇ ಕೆಳಗೆ ಬರೆಯಿರಿ.