ಪ್ರಶ್ನೆ: ಉಡುಪಿ ಕಡೆ ಅರ್ಧಕ್ಕೆ ನಿಂತ ತಾಲೂಕು ಕೋರ್ಟ್ ಕಟ್ಟಡ, ಯಾರನ್ನು ಕೇಳಬೇಕು?

ಬಹುಶಃ ಪರಿಷ್ಕೃತ ಅಂದಾಜಿಗೆ (ವೆಚ್ಚದ ಹೊಸ ಲೆಕ್ಕಕ್ಕೆ) ಒಪ್ಪಿಗೆ ಸಿಕ್ಕಿಲ್ಲ, ಇಲ್ಲವೇ ಹಣದ ಮುಂದಿನ ಕಂತು ಬಂದಿಲ್ಲ. ಉಡುಪಿ ಕಡೆ ಮಳೆಗೆ ಕೆಲಸ ನಿಲ್ಲುವುದು ಸಹಜ. ಆದರೆ ದೀಪಾವಳಿ ಕಳೆದರೂ ಪಿಲ್ಲರ್ ಕಂಬಿ ತುಕ್ಕು ಹಿಡಿಯುತ್ತಾ ನಿಂತಿದೆ ಅಂದರೆ ಅದು ಮಳೆಯ ಕಾರಣ ಅಲ್ಲ. ಕೇಂದ್ರದ ಯೋಜನೆಯಾದರೆ ಖರ್ಚಿನಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು 40.

ಕೋರ್ಟ್ ಆಫೀಸಿಗೆ ಸುಮ್ನೆ ಅಲೆಯಬೇಡಿ, ಸಾಮಾನ್ಯವಾಗಿ ಕಟ್ಟಿಸುವುದು ಲೋಕೋಪಯೋಗಿ ಇಲಾಖೆ. ಮೊದಲು ಸೈಟಿನ ಬೋರ್ಡ್ ಫೋಟೊ ತೆಗೆಯಿರಿ, ಕಾಮಗಾರಿಯ ಸರಿಯಾದ ಹೆಸರು ಬೇಕು. ಆಮೇಲೆ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ. ಒಂದೇ ವಿಷಯ, 150 ಪದದೊಳಗೆ. "ಯಾಕೆ ನಿಂತಿದೆ" ಅಂತ ಕೇಳಬೇಡಿ; ಆಡಳಿತಾತ್ಮಕ ಅನುಮೋದನೆ, ಬಿಡುಗಡೆಯಾದ ಹಣ, ಪರಿಷ್ಕೃತ ಅಂದಾಜು, ಇವುಗಳ ಪ್ರತಿ ಕೇಳಿ. ಕಕ್ಷಿದಾರರು ಮೆಟ್ಟಿಲಲ್ಲಿ ನಿಂತು ಕಾದಿದ್ದು ಸಾಕು, ಅಲ್ವಾ? 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಹಣವೇ ಬಂದಿಲ್ಲ ಅಂದರೆ ಆ ಉತ್ತರ ಲಗತ್ತಿಸಿ ಕಾನೂನು ಇಲಾಖೆಗೆ ಬರೆಯಿರಿ.